ಗ್ಲಾನಸೇವೆಯೂ ನಮ್ಮ ಕಾರುಗಳೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ನಮ್ಮ ಮನೆಗಳ ಮಕ್ಕಳೂ ತಡವರಿಸದೆ ಹೇಳುತ್ತಾರೆ. ಔಷಧದಾನಕ್ಕೆ ಹಣವಿತ್ತವರ ಹೆಸರುಗಳನ್ನು ಬಸದಿಯ ಗೋಡೆಗಳಲ್ಲಿ ಅಮೃತಶಿಲೆಯ ಮೇಲೆ ಕೆತ್ತಿಸುತ್ತೇವೆ. ಸಂತೋಷ. ಆದರೆ ಆ ಔಷಧವಿರುವ ಸ್ಥಳಕ್ಕೆ ರೋಗಿಯು ಹೇಗೆ ಹೋಗಿ ಸೇರುತ್ತಾನೆಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿದ್ದೇವೆಯೇ? ಇಲ್ಲವೆಂಬುದೇ ಈ ಲೇಖನದ ಆರೋಪ. ಆ ಆರೋಪಕ್ಕೆ ಮೊದಲು ಗುರಿಯಾಗಬೇಕಾದವನು ನಾನೇ.

ಪಂಚನಹಳ್ಳಿಯು ಕಡೂರು ತಾಲ್ಲೂಕಿನ ಬಯಲು ಭಾಗದ ಊರು. ತೆಂಗು, ರಾಗಿಗಳನ್ನು ನಂಬಿದ ಸೀಮೆ. ಇಲ್ಲಿಂದ ಚಿಕ್ಕಮಗಳೂರಿನ ದೊಡ್ಡ ಆಸ್ಪತ್ರೆಗೆ ಹೊರಟವರು ಕಡೂರಿನಲ್ಲಿಳಿದು ಮತ್ತೊಂದು ಬಸ್ಸಿಗೆ ಕಾಯಬೇಕು. ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಕಾಯಿ ಸುಲಿಯಲು ಬರುತ್ತಿದ್ದ ಹಿರಿಯರೊಬ್ಬರಿಗೆ ಕಣ್ಣಿನ ಪೊರೆ ತೆಗೆಯಲು ದಿನ ಗೊತ್ತಾಗಿತ್ತು. ಹಿಂದಿನ ಸಂಜೆ ಅಂಗಡಿಗೆ ಬಂದು, "ಸಾವ್ಕಾರ್ರೇ, ನಾಳೆ ನಿಮ್ ಕಾರು ಕಡೂರ್ ಕಡೆ ಹೋಗುತ್ತಾ?" ಎಂದು ಕೇಳಿದರು. ನಾನು 200 ರೂಪಾಯಿಗಳನ್ನು ಕೈಗಿತ್ತು, ಬಸ್ಸಿನಲ್ಲಿ ಹೋಗಿಬನ್ನಿರೆಂದೆ. ಕಣ್ಣು ಮಬ್ಬಾದವರು ಬಸ್ಸಿನ ಫಲಕವನ್ನು ಓದಲಾರರೆಂಬುದು ನನಗೆ ಹೊಳೆಯಲಿಲ್ಲ. ಅವರು ಹೋಗಲೇ ಇಲ್ಲ. ಮೂರನೆಯ ದಿನ ಹಣವನ್ನು ಹಿಂದಿರುಗಿಸಿದರು. ಅವರು ಹೋಗಬೇಕಾಗಿದ್ದ ದಿನ ನನ್ನ ಕಾರು ಹಗಲೆಲ್ಲ ಮನೆಯ ಮುಂದೆಯೇ ನಿಂತಿತ್ತು. ಆರು ತಿಂಗಳ ಬಳಿಕ ಮತ್ತೊಂದು ದಿನ ಗೊತ್ತಾದಾಗ ನಾನೇ ಕರೆದೊಯ್ದೆನೆಂಬುದು ನಿಜ. ಆದರೆ ಆ ಆರು ತಿಂಗಳ ಮಬ್ಬು ನನ್ನ ಖಾತೆಗೇ ಸೇರತಕ್ಕದ್ದು. ಆ 200 ರೂಪಾಯಿ ಅಂಗಡಿಯ ಪುಸ್ತಕದಲ್ಲಿ ಜಮೆಯಾಯಿತು. ನನ್ನ ಮನಸ್ಸಿನಲ್ಲಿ ಇಂದಿಗೂ ಬಾಕಿಯಾಗಿಯೇ ಉಳಿದಿದೆ.

ಇದಕ್ಕೂ ಧರ್ಮಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವು, ಎಂದರೆ ಸೇವೆಯು, ಸ್ವಾಧ್ಯಾಯ ಮತ್ತು ಧ್ಯಾನಗಳಿಗಿಂತ ಮೊದಲೇ ಎಣಿಸಲ್ಪಟ್ಟಿದೆ. ಸೇವೆಗೆ ಅರ್ಹರಾದ ಹತ್ತು ವಿಧದವರಲ್ಲಿ 'ಗ್ಲಾನ', ಅಂದರೆ ರೋಗದಿಂದ ಬಳಲಿದವನು, ಒಬ್ಬನು. ಅಲ್ಲಿ ಹೇಳಿರುವುದು ಮುನಿಗಳ ವಿಷಯವೆಂಬ ಆಕ್ಷೇಪವನ್ನು ನಾನು ಬಲ್ಲೆ, ಒಪ್ಪುತ್ತೇನೆ. ಆದರೆ ಜಿನಸೇನಾಚಾರ್ಯರ ಆದಿಪುರಾಣವು ಗೃಹಸ್ಥನ ದಾನವನ್ನು ನಾಲ್ಕಾಗಿ ವಿಂಗಡಿಸುವಾಗ ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿಗಳ ಜೊತೆಗೆ ದಯಾದತ್ತಿಯನ್ನೂ ಹೇಳಿದೆ. ಮುನಿಗೆ ಪಾತ್ರದತ್ತಿ, ದುಃಖದಲ್ಲಿರುವ ಜೀವಕ್ಕೆ ದಯಾದತ್ತಿ. ಅಲ್ಲಿ ಕುಲ ಜಾತಿಗಳನ್ನು ಕೇಳುವ ಪ್ರಸಂಗವೇ ಇಲ್ಲ. ಸಮ್ಯಗ್ದರ್ಶನದ ನಿರ್ವಿಚಿಕಿತ್ಸಾ ಅಂಗಕ್ಕೆ ಉದಾಹರಣೆಯಾಗಿ ಬರುವ ಉದ್ದಾಯನ ಮಹಾರಾಜನ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮೈಮೇಲೆ ವಾಂತಿಯಾದರೂ ರಾಜನು ಅಸಹ್ಯಪಡಲಿಲ್ಲ. ನಮಗಾದರೋ ಕಾರಿನ ಸೀಟು ಕೊಳೆಯಾದೀತೆಂಬ ಚಿಂತೆ!

ಇನ್ನು ಲೌಕಿಕ ಆಕ್ಷೇಪಗಳು. ಸರ್ಕಾರದ 108 ವಾಹನವಿದೆಯಲ್ಲವೇ ಎನ್ನುತ್ತಾರೆ. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಆ ಸೇವೆಯು ತುರ್ತು ಸ್ಥಿತಿಗಾಗಿ ಇರುವುದು. ಎದೆನೋವು, ಅಪಘಾತ, ಹೆರಿಗೆಗಳಿಗೆ ಅದನ್ನೇ ಕರೆಯಬೇಕು. ಆ ಕೆಲಸಕ್ಕೆ ನಾವು ಕೈಹಾಕಲೂಬಾರದು. ನಾನು ಹೇಳುತ್ತಿರುವುದು ಮೊದಲೇ ದಿನ ಗೊತ್ತಾಗಿರುವ ಭೇಟಿಗಳ ಮಾತು. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತೆಂಬುದೂ ನಿಜವೇ. ಆದರೆ ಟಿಕೆಟ್ಟಿನ ಹಣ ಉಳಿದ ಮಾತ್ರಕ್ಕೆ ಮಂಡಿನೋವಿನ ಅಜ್ಜಿಗೆ ಬಸ್ಸಿನ ಮೆಟ್ಟಿಲು ತಗ್ಗಾಗುವುದಿಲ್ಲ.

ಕಾರು ಓಡಿಸಿದರೆ ಜೀವಹಿಂಸೆಯಾಗುವುದಿಲ್ಲವೇ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಆಗುತ್ತದೆ. ಆದರೆ 2018ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳದವರೆಗೆ ಕಾರು ಓಡಿಸಿದಾಗ, ಕೊಬ್ಬರಿಯ ಧಾರಣೆ ತಿಳಿಯಲು ತಿಪಟೂರು, ಅರಸೀಕೆರೆಗಳಿಗೆ ಓಡಿಸಿದಾಗ, ನೆಂಟರ ಮದುವೆಗೆ ಓಡಿಸಿದಾಗ ಏಳದ ಈ ಪ್ರಶ್ನೆ, ರೋಗಿಯು ಬಾಗಿಲಲ್ಲಿ ನಿಂತಾಗ ಮಾತ್ರ ಏಳುವುದೇಕೆ? ಗೃಹಸ್ಥನು ಸಂಕಲ್ಪಹಿಂಸೆಯನ್ನು ತ್ಯಜಿಸಲೇಬೇಕು. ಬಾಳ್ವೆ ಉದ್ಯೋಗಗಳಲ್ಲಿ ತಪ್ಪಿಸಲಾಗದುದನ್ನು ಎಚ್ಚರದಿಂದ ಕಡಿಮೆಮಾಡಿಕೊಳ್ಳಬೇಕು. ಹೇಗೂ ತಿಪಟೂರಿಗೆ ಹೊರಟ ಕಾರಿನಲ್ಲಿ ಮೂರು ಸೀಟು ಖಾಲಿಯಿರುವಾಗ, ಒಬ್ಬ ರೋಗಿಯನ್ನೂ ಅವನ ಜೊತೆಗಾರನನ್ನೂ ಕೂರಿಸಿಕೊಳ್ಳುವುದರಿಂದ ಹೆಚ್ಚುವ ಹಿಂಸೆಯೆಷ್ಟು? ಅಹಿಂಸೆಯನ್ನು ಆಲಸ್ಯದ ಮುಸುಕಾಗಿ ಮಾಡಿಕೊಳ್ಳುವುದು ಧರ್ಮಕ್ಕೆ ಬಗೆಯುವ ಅಪಚಾರ.

ವಾಣಿಜ್ಯ ಓದಿದವನಾದ್ದರಿಂದ ಒಂದು ಲೆಕ್ಕವನ್ನು ಮುಂದಿಡುತ್ತೇನೆ. ಮೂತ್ರಪಿಂಡಗಳು ಸೋತವರಿಗೆ ಸಾಮಾನ್ಯವಾಗಿ ವಾರಕ್ಕೆ 2 ಅಥವಾ 3 ಸಲ, ಪ್ರತಿಸಲವೂ ಸುಮಾರು 4 ಗಂಟೆಗಳ ಡಯಾಲಿಸಿಸ್ ಆಗಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಯಂತ್ರದ ವೆಚ್ಚ ತಪ್ಪಿತು, ಪ್ರಯಾಣ ತಪ್ಪಲಿಲ್ಲ. ವಾರಕ್ಕೆ 3 ಸಲವೆಂದರೆ ವರ್ಷಕ್ಕೆ 156 ಸಲ. ಒಂದೇ ಮನೆ ಇದನ್ನು ಹೊರಲಾರದು. ಆದರೆ 13 ಮನೆಗಳವರು ತಿಂಗಳಿಗೆ ಒಂದೊಂದು ದಿನವನ್ನು ಹಂಚಿಕೊಂಡರೆ 156 ಸಲವೂ ಸಂದಾಯವಾಗುತ್ತದೆ. ತಿಂಗಳಿಗೆ ಒಂದು ದಿನ! ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರಬಲ್ಲ ಸಮಾಜಕ್ಕೆ ಇದು ಭಾರವಾದ ವ್ರತವೇ?

ಇದೇನೂ ಹಗಲುಗನಸಲ್ಲ. ನೆರೆಯ ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ನೋವು ಉಪಶಮನದ ಕಾರ್ಯವು, ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಆರೈಕೆಗೆ ನಿಂತುದರಿಂದ ಹಳ್ಳಿಹಳ್ಳಿಗೂ ಹರಡಿತು. ಅಮೆರಿಕದ ಕ್ಯಾನ್ಸರ್ ಸೊಸೈಟಿಯ ಸ್ವಯಂಸೇವಕರು ಸ್ವಂತ ಕಾರಿನಲ್ಲಿ ರೋಗಿಗಳನ್ನು ಚಿಕಿತ್ಸೆಗೆ ಕರೆದೊಯ್ಯುತ್ತಾರೆ. ಅವರು ವೈಯಾವೃತ್ಯವೆಂಬ ಶಬ್ದವನ್ನು ಕೇಳಿದವರಲ್ಲ. ಕೇಳಿದವರು ನಾವು.

ಆದುದರಿಂದ ಬಸದಿಯ ಟ್ರಸ್ಟುಗಳ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟು. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸಿ, ಹಾರ ಹಾಕಿಸಿಕೊಂಡು, "ದೊಡ್ಡ ಆಸ್ಪತ್ರೆಗೆ ಹೋಗಿರಿ" ಎಂಬ ಚೀಟಿ ಕೊಟ್ಟು ಕೈತೊಳೆದುಕೊಳ್ಳಬೇಡಿರಿ. ಹೊಸ ವಾಹನವನ್ನೂ ಕೊಳ್ಳಬೇಕಾಗಿಲ್ಲ. ಒಂದು ರಿಜಿಸ್ಟರು, ಒಂದು ದೂರವಾಣಿ, ಜವಾಬ್ದಾರಿ ಹೊರುವ ಒಬ್ಬ ವ್ಯಕ್ತಿ ಸಾಕು. ಕಾರುಳ್ಳವರು ತಮಗೆ ಬಿಡುವಿರುವ ದಿನವನ್ನು ಬರೆಯಿಸಲಿ. ಚಾಲಕನ ಪರವಾನಗಿ ಚಾಲ್ತಿಯಲ್ಲಿರಲಿ; ವಿಮೆಯು ಬರಿಯ ಮೂರನೆಯ ವ್ಯಕ್ತಿಯದಾಗಿರದೆ, ಒಳಗೆ ಕುಳಿತವರಿಗೂ ರಕ್ಷಣೆ ಕೊಡುವ ಪ್ಯಾಕೇಜ್ ಪಾಲಿಸಿಯಾಗಿರಲಿ. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರೋಧ. ಆದುದರಿಂದ ಯಾವ ಹೆಸರಿನಲ್ಲಿಯೂ ಬಾಡಿಗೆ ಪಡೆಯಕೂಡದು. ರೋಗಿಯ ಮನೆಯವರೊಬ್ಬರು ಜೊತೆಗಿರಲಿ. ರೋಗವೇನೆಂದು ಕೆದಕಬೇಡಿರಿ, ಊರಿಗೆ ಸಾರಬೇಡಿರಿ, ಫೋಟೋ ತೆಗೆಯಿಸಬೇಡಿರಿ. ಕರೆದೊಯ್ದವರೇ ಮರಳಿ ಮನೆಗೆ ಮುಟ್ಟಿಸಬೇಕು. ಅರ್ಧದಾರಿಯ ದಾನ ದಾನವಲ್ಲ.

ಹಣ ಕೊಡುವುದು ನಮ್ಮಂತಹ ವ್ಯಾಪಾರಿಗಳಿಗೆ ಸುಲಭ. ಆಸ್ಪತ್ರೆಯ ಬೆಂಚಿನ ಮೇಲೆ ಪರರಿಗಾಗಿ ನಾಲ್ಕು ಗಂಟೆ ಕುಳಿತಿರುವುದು ಕಷ್ಟ. ಕಷ್ಟವೆಂಬ ಕಾರಣದಿಂದಲೇ ಅದು ತಪಸ್ಸಿನ ಪಟ್ಟಿಯಲ್ಲಿ ಸೇರಿದೆ. ಮುಂದಿನ ಮಹಾಸಭೆಯಲ್ಲಿ ಗೋಡೆಯ ಸುಣ್ಣಬಣ್ಣದ ವಿಷಯ ಮುಗಿದ ಮೇಲಾದರೂ ಈ ರಿಜಿಸ್ಟರಿನ ವಿಷಯ ಚರ್ಚೆಗೆ ಬರಲಿ. ಮೊದಲನೆಯ ಸಾಲಿನಲ್ಲಿ ನನ್ನ ಹೆಸರನ್ನೂ, ಅದರ ಮುಂದೆ ಸೋಮವಾರವನ್ನೂ ಬರೆದುಕೊಳ್ಳಿರಿ.