ಗುರು ಸಿಗುವವರೆಗೆ ಪುಸ್ತಕ ಮುಚ್ಚಿಡಬೇಕೆ?

ಶಂಕರರ ಬ್ರಹ್ಮಸೂತ್ರಭಾಷ್ಯವನ್ನು ಮನೆಯಲ್ಲಿ ಕೂತು ತಾವೇ ಓದಿಕೊಳ್ಳುವವರನ್ನು ಕಂಡರೆ ಕೆಲವು ಹಿರಿಯರಿಗೆ ಸಿಟ್ಟು. ಪಾಠ ಹೇಳಿಸಿಕೊಳ್ಳದ ಓದು ಓದೇ ಅಲ್ಲ ಎನ್ನುತ್ತಾರೆ. ಅವರ ಕಾಳಜಿಯನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ.

ಶಾಸ್ತ್ರವೇ ಗುರುವನ್ನು ವಿಧಿಸಿದೆ ಎಂಬುದು ಅವರ ಮೊದಲ ಮಾತು. ಸಮಿತ್ತು ಹಿಡಿದು ಗುರುವಿನ ಬಳಿ ಹೋಗಬೇಕೆಂದು ಮುಂಡಕೋಪನಿಷತ್ತು ಹೇಳುವುದು ನಿಜ. ಆದರೆ ಅಲ್ಲಿನ ವಿಷಯ ಬ್ರಹ್ಮಜ್ಞಾನ, ಒಂದು ಗ್ರಂಥದ ವಾದಸರಣಿಯನ್ನು ತಿಳಿಯುವುದಲ್ಲ. ಇನ್ನು ಕಣ್ಣಿಗೆ ಬಟ್ಟೆ ಕಟ್ಟಿ ನಿರ್ಜನ ಜಾಗದಲ್ಲಿ ಬಿಡಲಾದ ಗಾಂಧಾರದವನ ಬಗ್ಗೆ ಛಾಂದೋಗ್ಯ ಉಪನಿಷತ್ತು ಹೇಳುವ ಕಥೆಯನ್ನು ಪೂರ್ತಿ ಓದಬೇಕು. ಅವನ ಕಣ್ಣಿನ ಕಟ್ಟು ಬಿಚ್ಚಿದವನು ದಿಕ್ಕು ತೋರಿಸುತ್ತಾನೆ, ಅಷ್ಟೆ. ಊರಿಂದೂರಿಗೆ ಕೇಳುತ್ತಾ, ತನ್ನ ಬುದ್ಧಿ ಬಳಸಿ ಗಾಂಧಾರ ಸೇರುವವನು ಅವನೇ. ಗುರುವಿನ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದಕ್ಕೆ ಶೂದ್ರರಿಗೆ ವೇದವಿದ್ಯೆಯ ಅಧಿಕಾರವಿಲ್ಲವೆನ್ನುವ, ಅದೇ ಬ್ರಹ್ಮಸೂತ್ರದ ಅಪಶೂದ್ರಾಧಿಕರಣವೇ ಸಾಕ್ಷಿ. ಆ ಬಾಗಿಲ ಹೊರಗೆ ನಿಂತವರಿಗೆ ಭಾಷ್ಯ ದಕ್ಕಿದ್ದು ಅಚ್ಚಾದ ಪುಸ್ತಕದಿಂದ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದರಲ್ಲ, ಅವನ್ನು ಓದದೆ ಕಪಾಟಿನಲ್ಲಿಡಬೇಕೆ?

ತಪ್ಪು ತಿಳಿಯುತ್ತೀರಿ ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ತೂಕವಿದೆ. ಭಾಷ್ಯದ ಪೀಠಿಕೆಯಾದ ಅಧ್ಯಾಸಭಾಷ್ಯದ ಆರಂಭವನ್ನೇ ನೋಡಿ. ಅರಿಯುವ ಆತ್ಮ, ಅರಿವಿಗೆ ಬರುವ ವಸ್ತು ಎರಡೂ ಕತ್ತಲೆ ಬೆಳಕುಗಳಂತೆ ವಿರುದ್ಧ. ಆದ್ದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸುವುದು ಆಗದ ಮಾತು ಎಂಬಂತೆ ಮೊದಲ ವಾಕ್ಯ ಮುಗಿಯುತ್ತದೆ. ಅಲ್ಲಿಗೇ ಪುಸ್ತಕ ಮಡಚಿದವನು ಪೂರ್ವಪಕ್ಷವನ್ನೇ, ಎಂದರೆ ಎದುರಾಳಿಯ ವಾದವನ್ನೇ, ಶಂಕರರ ಮತವೆಂದುಕೊಳ್ಳುತ್ತಾನೆ. ಮುಂದಿನ ವಾಕ್ಯ ‘ಆದರೂ’ ಎಂದು ಹೊರಳುತ್ತದೆ. ನಾನು, ನನ್ನದು ಎಂಬ ಆ ಬೆರಕೆಯೇ ಲೋಕದ ಸಹಜ ವ್ಯವಹಾರ ಎಂದು ತೋರಿಸುತ್ತದೆ. ಓದುತ್ತಾ ಅಂಚಿನಲ್ಲಿ ಪೆನ್ಸಿಲಿನಿಂದ ಪೂರ್ವಪಕ್ಷಕ್ಕೆ ‘ಪೂ’, ಸಿದ್ಧಾಂತಕ್ಕೆ ‘ಸಿ’ ಎಂದು ಬರೆದುಕೊಳ್ಳುತ್ತಾ ಹೋದರೆ ಎಡವುವುದು ಬಹಳ ಕಡಿಮೆಯಾಗುತ್ತದೆ. ನಮ್ಮ ಸಂಶಯವನ್ನು ನಮಗಿಂತ ಮೊದಲೇ ಎತ್ತಿ ಉತ್ತರಿಸುವುದು ಭಾಷ್ಯದ ರೀತಿಯೇ ಆಗಿದೆ.

ಅಷ್ಟಕ್ಕೂ ಪಾಠ ಕೇಳಿದವರು ತಪ್ಪು ತಿಳಿಯುವುದಿಲ್ಲವೆ? ಜರ್ಮನ್ ದಾರ್ಶನಿಕ ಕಾಂಟ್ 1781ರಲ್ಲಿ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಪ್ರಕಟಿಸಿದಾಗ, ಮರುವರ್ಷ ಗಟ್ಟಿಂಗೆನ್‌ನ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿದವರು ಪಳಗಿದ ವಿದ್ವಾಂಸರೇ. ಅವರು ಎಷ್ಟು ತಪ್ಪಾಗಿ ಓದಿದ್ದರೆಂದರೆ, ಕಾಂಟ್ 1783ರ ‘ಪ್ರೊಲೆಗೊಮೆನಾ’ದಲ್ಲಿ ಅವರಿಗೆ ಖಾರವಾಗಿ ಉತ್ತರಿಸಬೇಕಾಯಿತು.

ಮೂರನೆಯ ಆಕ್ಷೇಪ, ಒಂಟಿ ಓದಿನಿಂದ ಅಹಂಕಾರ ಬರುತ್ತದಂತೆ. ನಡೆಯುವುದು ಇದಕ್ಕೆ ವಿರುದ್ಧ. ದಾರ್ಶನಿಕ ಇಬ್ನ್ ಸೀನಾ ಅರಿಸ್ಟಾಟಲನ ‘ಮೆಟಾಫಿಸಿಕ್ಸ್’ ಅನ್ನು 40 ಸಲ ಓದಿಯೂ ಅರ್ಥವಾಗದೆ ಕೈಚೆಲ್ಲಿದ್ದನ್ನು, ಕೊನೆಗೆ ಅಲ್ ಫಾರಾಬಿಯ ಸಣ್ಣ ಪುಸ್ತಕವೊಂದರಿಂದ ಅದು ತಿಳಿಯಾದದ್ದನ್ನು ತಾನೇ ಬರೆದಿಟ್ಟಿದ್ದಾನೆ. ಕಷ್ಟದ ಪುಟ ಮನುಷ್ಯನನ್ನು ಹೀಗೆ ಬಗ್ಗಿಸುತ್ತದೆ.

ವೇದದ ಸ್ವರ, ಧ್ಯಾನದ ಸಾಧನೆ ಇವಕ್ಕೆ ಗುರು ಬೇಕೇ ಬೇಕು. ಹತ್ತಿರದಲ್ಲಿ ಪಾಠ ನಡೆಯುತ್ತಿದ್ದರೆ ಹೋಗಿ ಕೂರುವುದು ಒಳ್ಳೆಯದೇ. ಆದರೆ ಹಗಲೆಲ್ಲ ದುಡಿದು ರಾತ್ರಿ ಪುಸ್ತಕ ಬಿಡಿಸುವ ಸಣ್ಣ ಊರಿನ ಓದುಗನಿಗೆ ಅಂಥ ಅನುಕೂಲವಿಲ್ಲ. ಹೆದರಿಸುವ ಹಿರಿಯರಲ್ಲಿ ಒಂದು ಕೋರಿಕೆ: ಅವನು ಗುರುತು ಹಾಕಿಟ್ಟ ಸಂಶಯಗಳಿಗೆ ವಾರಕ್ಕೊಂದು ಸಂಜೆ ಕೊಡಿ.