ಚಂದಾ ಎಷ್ಟು, ನೋಡಿದ್ದೆಷ್ಟು?

ತಿಂಗಳಿಗೊಮ್ಮೆ ಕೇಬಲ್‌ನವರು ಬಾಗಿಲಿಗೆ ಬಂದು ಹಣ ಕೇಳುತ್ತಿದ್ದ ಕಾಲದಲ್ಲಿ ಟಿ.ವಿ. ಖರ್ಚು ಎಷ್ಟೆಂಬುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. 'ಮುಂದಿನ ತಿಂಗಳಿಂದ ಬೇಡಪ್ಪ, ಮಗನಿಗೆ ಎಸ್ಸೆಸ್ಸೆಲ್ಸಿ ಇದೆ' ಎಂದು ತಾಯಿ ಒಂದು ಮಾತು ಹೇಳಿದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಇಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲಿಯೇ ಆಗಲಿ, ಸ್ಮಾರ್ಟ್ ಟಿ.ವಿ. ಇರುವ ಮನೆಗೆ ಓಟಿಟಿ ಚಂದಾ ಕೇಳಲು ಯಾರೂ ಬರುವುದಿಲ್ಲ. ಹಣ ತಾನಾಗಿಯೇ ಹೋಗುತ್ತದೆ. ಎಷ್ಟು ಹೋಯಿತು, ಯಾವುದಕ್ಕೆ ಹೋಯಿತು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ.

ಕಾರಣ ಸರಳ. ಬ್ಯಾಂಕ್ ಖಾತೆ ತಂದೆಯದು, ಆಪ್‌ಗಳ ಒಳಹೊರಗೆ ತಿಳಿದಿರುವುದು ಮಕ್ಕಳಿಗೆ. ಹಣ ಕೊಡುವವರಿಗೆ ವಿಷಯ ಗೊತ್ತಿಲ್ಲ, ವಿಷಯ ಗೊತ್ತಿರುವವರಿಗೆ ಹಣದ ಬಿಸಿ ತಟ್ಟುವುದಿಲ್ಲ. ಈ ಇಬ್ಬರೂ ಒಟ್ಟಿಗೆ ಕೂರದ ಹೊರತು ಗೊಂದಲ ತೀರದು.

ಒಂದೇ ಅಂಗಡಿಯಲ್ಲಿ ಎಲ್ಲವೂ ಇಲ್ಲ

ಗೊಂದಲ ಬೆಳೆದದ್ದು ಹತ್ತೇ ವರ್ಷಗಳಲ್ಲಿ. 2015ರಲ್ಲಿ ಹಾಟ್‌ಸ್ಟಾರ್ ಆರಂಭವಾಯಿತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಡಿಸೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2017ರಲ್ಲಿ ಸನ್ ನೆಕ್ಸ್ಟ್, 2018ರಲ್ಲಿ ಜೀ5 ಸೇರಿಕೊಂಡವು.

ಕನ್ನಡ ಚಿತ್ರಗಳೂ ಹೀಗೆಯೇ ಹಂಚಿಹೋದವು. 2022ರ ಒಂದೇ ವರ್ಷದಲ್ಲಿ 'ಗರುಡ ಗಮನ ವೃಷಭ ವಾಹನ' ಜೀ5ನಲ್ಲಿ, '777 ಚಾರ್ಲಿ' ವೂಟ್ ಸೆಲೆಕ್ಟ್‌ನಲ್ಲಿ, 'ಕಾಂತಾರ' ಪ್ರೈಮ್‌ನಲ್ಲಿ ಬಂದವು. ಮರುವರ್ಷ ವೂಟ್ ಜಿಯೋ ಸಿನಿಮಾದಲ್ಲಿ ಲೀನವಾಯಿತು. 2025ರ ಫೆಬ್ರವರಿ 14ರಂದು ಜಿಯೋ ಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಒಂದಾಗಿ ಜಿಯೋ ಹಾಟ್‌ಸ್ಟಾರ್ ಆಯಿತು. ಆ ವರ್ಷ 'ಸು ಫ್ರಮ್ ಸೋ' ಅಲ್ಲಿ ಬಂದರೆ, 'ಕಾಂತಾರ ಅಧ್ಯಾಯ 1' ಪ್ರೈಮ್‌ಗೆ ಹೋಯಿತು. ಎಲ್ಲವನ್ನೂ ನೋಡಬೇಕೆಂದು ಹೊರಟವರು ಮೂರು ನಾಲ್ಕು ಕಡೆ ಹಣ ಕಟ್ಟಲೇಬೇಕು. ಚಿತ್ರ ನೋಡುವ ಆಸೆ ಒಂದು ಸಂಜೆಯದು. ಕಟ್ಟುವ ಚಂದಾ ಮಾತ್ರ ವರ್ಷದ್ದು.

ಲೆಕ್ಕ ಹಾಕಿ ನೋಡಿದರೆ

2025ರ ದರಗಳನ್ನೇ ಹಿಡಿದು ಒಂದು ಲೆಕ್ಕ ಹಾಕಬಹುದು. ಪ್ರೈಮ್‌ಗೆ ವರ್ಷಕ್ಕೆ 1,499 ರೂಪಾಯಿ. ಜಿಯೋ ಹಾಟ್‌ಸ್ಟಾರ್‌ನ 'ಸೂಪರ್' ಯೋಜನೆಗೆ ವರ್ಷಕ್ಕೆ 899. ನೆಟ್‌ಫ್ಲಿಕ್ಸ್‌ನ ಮೊಬೈಲ್ ಯೋಜನೆಗೆ ತಿಂಗಳಿಗೆ 149ರಂತೆ ವರ್ಷಕ್ಕೆ 1,788. ಮೂರೂ ಸೇರಿ 4,186 ರೂಪಾಯಿ. ಡಿಶ್ ಅಥವಾ ಕೇಬಲ್ ಬಾಡಿಗೆ, ಮೊಬೈಲ್ ರೀಚಾರ್ಜ್ ಇದರ ಹೊರಗಿನವು.

ಅದೇ ಮನೆ ಒಂದು ಸಲಕ್ಕೆ ಒಂದೇ ಚಂದಾ ಎಂಬ ನಿಯಮ ಇಟ್ಟುಕೊಂಡಿತೆನ್ನಿ. ಕ್ರಿಕೆಟ್ ಕಾಲಕ್ಕೆ ಜಿಯೋ ಹಾಟ್‌ಸ್ಟಾರ್ ಮೂರು ತಿಂಗಳಿಗೆ 299. ದಸರಾ ರಜೆಗೆ ಪ್ರೈಮ್ ಒಂದು ತಿಂಗಳು 299. ಬೇಸಿಗೆ ರಜೆಗೆ ನೆಟ್‌ಫ್ಲಿಕ್ಸ್ ಎರಡು ತಿಂಗಳು 298. ಒಟ್ಟು 896 ರೂಪಾಯಿ. ಉಳಿದದ್ದು 3,290. ದರಗಳು ಆಗಾಗ ಬದಲಾಗುತ್ತವೆ. ಕಟ್ಟುವ ದಿನದ ದರ ನೋಡಿಕೊಂಡು ಲೆಕ್ಕವನ್ನು ತಿದ್ದಿಕೊಳ್ಳಬೇಕು. ಆದರೆ ನಿಯಮ ಬದಲಾಗುವುದಿಲ್ಲ. ಒಂದು ಮುಗಿದ ಮೇಲೆ ಇನ್ನೊಂದು. ಹಾಗೆ ಬಿಟ್ಟ ಚಿತ್ರ ಎರಡು ತಿಂಗಳು ತಡವಾಗಿ ನೋಡಿದರೆ ಹಳಸುವುದಿಲ್ಲ.

ಇದು ನಮ್ಮ ಕಡೆಯ ಮನೆಗಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಚನ್ನಗಿರಿಯ ಅಡಿಕೆ ತೋಟದವರಿಗೆ ಹಣ ಬರುವುದು ಕೊಯ್ಲಿನ ಕಾಲಕ್ಕೆ. ಹೊನ್ನಾಳಿ, ನ್ಯಾಮತಿಯಲ್ಲಿ ಭತ್ತ, ಮೆಕ್ಕೆಜೋಳ ಮಾರಿದಾಗ. ಜಗಳೂರಿನ ಮಳೆಯಾಶ್ರಿತ ಹೊಲದವರಿಗೆ ಅದೂ ಮಳೆ ಬಂದ ವರ್ಷ. ಆದಾಯ ವರ್ಷಕ್ಕೊಂದೆರಡು ಸಲ, ಕಡಿತ ತಿಂಗಳು ತಿಂಗಳು. ಹನಿ ಹನಿ ಗೂಡಿದರೆ ಹಳ್ಳ ಎನ್ನುವ ಗಾದೆ ಉಳಿತಾಯಕ್ಕೆ ಎಷ್ಟು ನಿಜವೋ ಸೋರಿಕೆಗೂ ಅಷ್ಟೇ ನಿಜ.

ಮೊದಲು ಮನೆಯಲ್ಲಿರುವುದನ್ನು ನೋಡಿ

ಹೊಸ ಚಂದಾ ಕಟ್ಟುವ ಮೊದಲು ಈಗಾಗಲೇ ಏನಿದೆ ಎಂದು ನೋಡಬೇಕು. ಮೊಬೈಲ್ ರೀಚಾರ್ಜ್, ಫೈಬರ್ ಇಂಟರ್ನೆಟ್‌ಗಳ ಕೆಲವು ಯೋಜನೆಗಳಲ್ಲಿ ಓಟಿಟಿ ಸೌಲಭ್ಯ ಸೇರಿಯೇ ಬರುತ್ತದೆ. ತಂದೆಯ ರೀಚಾರ್ಜ್‌ನಲ್ಲಿ ಬಂದಿರುವುದಕ್ಕೇ ಮಗ ಬೇರೆ ಹಣ ಕಟ್ಟುವುದು, ಅದೇ ಆಪ್ ಫೈಬರ್‌ನವರ ಯೋಜನೆಯಲ್ಲೂ ಇರುವುದು ಅಪರೂಪವಲ್ಲ. ಶಿವಮೊಗ್ಗದಲ್ಲೋ ದಾವಣಗೆರೆಯಲ್ಲೋ ಹಾಸ್ಟೆಲ್‌ನಲ್ಲಿರುವ ಮಗಳಿಗೆ ಮನೆಯ ಪಾಸ್‌ವರ್ಡ್ ಕೊಟ್ಟರೆ ಸಾಕು ಎಂಬ ಲೆಕ್ಕವೂ ಎಲ್ಲ ಕಡೆ ನಡೆಯುವುದಿಲ್ಲ. ಒಂದೇ ಮನೆಯವರಲ್ಲದವರು ಖಾತೆ ಹಂಚಿಕೊಳ್ಳುವುದನ್ನು ನೆಟ್‌ಫ್ಲಿಕ್ಸ್ 2023ರ ಜುಲೈನಲ್ಲಿ ಭಾರತದಲ್ಲಿ ನಿಲ್ಲಿಸಿತು.

ಡೇಟಾ ಕೂಡ ಹಣವೇ. ನೆಟ್‌ಫ್ಲಿಕ್ಸ್ ತಾನೇ ಹೇಳುವಂತೆ ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ 1 ಜಿಬಿವರೆಗೆ, ಹೆಚ್ಚಿನ ಸ್ಪಷ್ಟತೆಯಲ್ಲಿ 3 ಜಿಬಿವರೆಗೆ ಖರ್ಚಾಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರಿಗೆ ಅರ್ಧ ಗಂಟೆಯಲ್ಲಿ ದಿನದ ಪಾಲು ಮುಗಿಯಬಹುದು. ಸಂಜೆ ಆನ್‌ಲೈನ್ ಪಾಠ ನೋಡಬೇಕಾದ ವಿದ್ಯಾರ್ಥಿ ಆಗ ಏನು ಮಾಡಬೇಕು? ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸುವುದು, ವೈಫೈ ಸಿಕ್ಕಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಇದಕ್ಕಿರುವ ದಾರಿ.

ಚಂದಾ ಇಲ್ಲದೆ ಸಿಗುವುದೂ ಬಹಳಷ್ಟಿದೆ. ಡಿಡಿ ಫ್ರೀ ಡಿಶ್‌ಗೆ ತಟ್ಟೆ ಮತ್ತು ಬಾಕ್ಸ್ ಕೊಂಡರೆ ಮಾಸಿಕ ಶುಲ್ಕವಿಲ್ಲ. ಚಂದನ ವಾಹಿನಿಯ ಜತೆಗೆ ಶಾಲಾ ಮಕ್ಕಳ ಪಿಎಂ ಇ-ವಿದ್ಯಾ, ಕಾಲೇಜು ವಿದ್ಯಾರ್ಥಿಗಳ ಸ್ವಯಂ ಪ್ರಭಾ ವಾಹಿನಿಗಳೂ ಅದರಲ್ಲಿ ಬರುತ್ತವೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ 'ವೇವ್ಸ್' ಎಂಬ ತನ್ನದೇ ಓಟಿಟಿಯನ್ನು ಆರಂಭಿಸಿತು. ಆದರೆ 'ಹೊಸ ಚಿತ್ರ ಉಚಿತ' ಎಂದು ವಾಟ್ಸ್‌ಆಪ್‌ನಲ್ಲಿ ಬರುವ ಅಪರಿಚಿತ ಆಪ್‌ಗಳನ್ನು ಮುಟ್ಟಬಾರದು. ಉಚಿತ ಚಿತ್ರದ ನೆಪದಲ್ಲಿ ಬ್ಯಾಂಕ್ ಖಾತೆಯೇ ಬರಿದಾದೀತು. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಣ ಕಡಿತವಾಗುವ ಬಗೆ

ಬಹಳ ಮನೆಗಳಲ್ಲಿ ಹಣ ಹೋಗುವುದು ನೋಡಿದ್ದಕ್ಕಲ್ಲ, ಮರೆತದ್ದಕ್ಕೆ. ಮೊದಲು ಒಂದೆರಡು ರೂಪಾಯಿ ಕಡಿತ ಮಾಡಿ 'ಆಟೋಪೇ'ಗೆ ಒಪ್ಪಿಗೆ ಪಡೆಯುತ್ತಾರೆ. ಅವಧಿ ಮುಗಿದೊಡನೆ ಪೂರ್ತಿ ಹಣ ಹೋಗುತ್ತದೆ. ಮೊಬೈಲ್‌ನಿಂದ ಆಪ್ ಅಳಿಸಿಬಿಟ್ಟರೆ ಚಂದಾ ರದ್ದಾಯಿತು ಎಂದು ತಿಳಿಯುವವರಿದ್ದಾರೆ. ಅದು ತಪ್ಪು. ಆಪ್ ಹೋದರೂ ಒಪ್ಪಿಗೆ ಉಳಿದಿರುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಆದರೆ ಆ ಸಂದೇಶ ಬರುವುದು ತಂದೆಯ ಮೊಬೈಲ್‌ಗೆ, ಹೆಚ್ಚಾಗಿ ಇಂಗ್ಲಿಷ್‌ನಲ್ಲಿ, ಹತ್ತಾರು ಜಾಹೀರಾತು ಸಂದೇಶಗಳ ನಡುವೆ. ಅದನ್ನು ಓದಿ ಹೇಳುವ ಕೆಲಸ ಮಕ್ಕಳದಾಗಬೇಕು. ಹಣ ಕಳಿಸುವ ಯುಪಿಐ ಆಪ್‌ನಲ್ಲೇ 'ಆಟೋಪೇ' ಎಂಬ ವಿಭಾಗವಿದೆ. ಯಾರಿಗೆ ಎಷ್ಟು, ಯಾವ ದಿನ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ಬೇಡದ್ದನ್ನು ಅಲ್ಲಿಯೇ ರದ್ದುಪಡಿಸಬಹುದು. ಸಾಮಾನ್ಯವಾಗಿ ಚಂದಾ ರದ್ದುಪಡಿಸಿದರೂ ಹಣ ಕಟ್ಟಿದ ಅವಧಿಯವರೆಗೆ ನೋಡಲು ಅಡ್ಡಿಯಿಲ್ಲ. ಆದ್ದರಿಂದ ಕಟ್ಟಿದ ದಿನವೇ ಮುಂದಿನ ಕಡಿತವನ್ನು ನಿಲ್ಲಿಸಿಬಿಡುವುದು ಜಾಣತನ.

ಸೇರಲು ಸುಲಭ, ಬಿಡಲು ಕಷ್ಟ ಎಂಬಂತೆ ಗ್ರಾಹಕರನ್ನು ಚಂದಾದ ಬಲೆಯಲ್ಲಿ ಸಿಲುಕಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಪರೀಕ್ಷೆಯೂ ಪಂದ್ಯವೂ ಒಟ್ಟಿಗೆ ಬಂದಾಗ

2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ಕ್ಕೆ ಆರಂಭವಾಯಿತು. ಮರುದಿನವೇ ಐಪಿಎಲ್, ಅದರಲ್ಲೂ ಮೊದಲ ಪಂದ್ಯವೇ ಬೆಂಗಳೂರು ತಂಡದ್ದು. ಪರೀಕ್ಷೆ ಮುಗಿದದ್ದು ಏಪ್ರಿಲ್ 4ಕ್ಕೆ; ಬೆಂಗಳೂರು ಕಪ್ ಗೆದ್ದದ್ದು ಜೂನ್ 3ಕ್ಕೆ. ನಡುವೆ ಎರಡು ತಿಂಗಳಿತ್ತು. ಪರೀಕ್ಷೆ ಮುಗಿದ ದಿನ ಚಂದಾ ಕಟ್ಟಿದ್ದರೂ ಫೈನಲ್ ತಪ್ಪುತ್ತಿರಲಿಲ್ಲ. ಹೀಗೆ ತಾರೀಖು ಇಟ್ಟುಕೊಂಡು ಮಾತನಾಡಿದರೆ 'ಟಿ.ವಿ. ಬಂದ್' ಎಂದು ಗದರುವ ಅಗತ್ಯವೇ ಬೀಳುವುದಿಲ್ಲ. ಏಕೆ ಬೇಡ ಎಂದು ಮಕ್ಕಳಿಗೂ ಗೊತ್ತಿರುತ್ತದೆ, ಎಂದಿನಿಂದ ಎಂಬುದೂ ಗೊತ್ತಿರುತ್ತದೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಎಚ್ಚರ ಬೇಕು. 2021ರ ನಿಯಮಗಳಂತೆ ಓಟಿಟಿ ಕಾರ್ಯಕ್ರಮಗಳಿಗೆ 7, 13, 16 ವರ್ಷ ಮೇಲ್ಪಟ್ಟವರು, ವಯಸ್ಕರು ಎಂಬ ವಿಂಗಡಣೆ ಇರಬೇಕು. 13 ಮತ್ತು ಅದಕ್ಕೆ ಮೇಲಿನವುಗಳಿಗೆ ಬೀಗ ಹಾಕುವ ಸೌಲಭ್ಯವೂ ಇರಬೇಕು. ಆ ಬೀಗದ ಸಂಖ್ಯೆಯನ್ನು ತಂದೆ ತಾಯಿಯೇ ಹಾಕಿಡಬೇಕು.

ಒಂದು ನೋಟ್ ಪುಸ್ತಕ ಸಾಕು

ಇಷ್ಟಕ್ಕೆಲ್ಲ ಬೇಕಾದದ್ದು ಹಳೆಯ ನೋಟ್ ಪುಸ್ತಕದ ಒಂದು ಹಾಳೆ. ಐದು ಅಂಕಣ ಹಾಕಿ ಆಪ್‌ನ ಹೆಸರು, ಹಣ, ಯಾರ ಖಾತೆಯಿಂದ, ಮುಗಿಯುವ ತಾರೀಖು, ಕಳೆದ ತಿಂಗಳು ಎಷ್ಟು ದಿನ ನೋಡಿದ್ದು ಎಂದು ಬರೆಯಬೇಕು. ಬರೆಯುವ ಹೊಣೆ ಪಿಯುಸಿ ಓದುವ ಮಗನಿಗೋ ಮಗಳಿಗೋ ಇರಲಿ. ತಿಂಗಳ ಮೊದಲ ಭಾನುವಾರ ಎಲ್ಲರೆದುರು ಅದನ್ನು ಓದಲಿ. ಕೊನೆಯ ಅಂಕಣದಲ್ಲಿ ಸೊನ್ನೆ ಬಿದ್ದದ್ದನ್ನು ಅಂದೇ ರದ್ದುಪಡಿಸಬೇಕು.

ಲೆಕ್ಕ ಒಪ್ಪಿಸುವ ಮಕ್ಕಳಿಗೆ ತಮ್ಮ ಬೇಡಿಕೆಯ ಬೆಲೆ ತಿಳಿಯುತ್ತದೆ. ಕೇಳುವ ತಂದೆಗೆ ತನ್ನ ಹಣ ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿಯುತ್ತದೆ. ಉಳಿದ ಮೂರು ಸಾವಿರ ಚಿಲ್ಲರೆ ರೂಪಾಯಿ ಕಾಲೇಜಿನ ಪುಸ್ತಕಕ್ಕೆ ಆಗಬಹುದು, ಮುಂದಿನ ವರ್ಷದ ಬಸ್ ಪಾಸಿಗೆ ಆಗಬಹುದು. ಯಾವುದಕ್ಕೆಂದು ಅದೇ ಭಾನುವಾರ ಕೂತು ತೀರ್ಮಾನಿಸಿದರಾಯಿತು.