ತಿರುಗಾಟದ ಲೆಕ್ಕ

ಯಕ್ಷಗಾನ ಮೇಳಗಳಲ್ಲಿ ಕಲಾವಿದನ ಅನುಭವವನ್ನು ವರ್ಷಗಳಿಂದ ಎಣಿಸುವ ರೂಢಿ ಕಡಿಮೆ; ತಿರುಗಾಟಗಳಿಂದ ಎಣಿಸುತ್ತಾರೆ. ‘ಅವರದು ಆ ಮೇಳದಲ್ಲಿ ಹನ್ನೆರಡು ತಿರುಗಾಟ, ಈ ಮೇಳದಲ್ಲಿ ಒಂಬತ್ತು’ ಎಂದರೆ ಕರಾವಳಿಯ ಮನುಷ್ಯನಿಗೆ ಮತ್ತೇನನ್ನೂ ಹೇಳಬೇಕಾಗಿಲ್ಲ. ಅಷ್ಟು ಮಾತಿನಲ್ಲೇ ಆ ಕಲಾವಿದನ ವಯಸ್ಸು, ವಿದ್ಯೆ, ಪಟ್ಟ ಪಾಡು, ಪಡೆದ ಸ್ಥಾನ ಎಲ್ಲವೂ ಅಡಗಿರುತ್ತವೆ. ದುಡಿಮೆಯನ್ನೂ ಪ್ರಯಾಣವನ್ನೂ ಒಂದೇ ಶಬ್ದದಲ್ಲಿ ಹಿಡಿದಿಟ್ಟ ಈ ಮಾತು ಬಹಳ ಅರ್ಥವುಳ್ಳದ್ದೆಂದು ನನಗೆ ತೋರುತ್ತದೆ. ನಾವು, ಅಂದರೆ ಸಭೆಗಳನ್ನು ನಡೆಸುವವರು, ಅಭಿನಂದನ ಗ್ರಂಥಗಳಿಗೆ ಲೇಖನ ಬರೆಯುವವರು, ಕಲಾವಿದನನ್ನು ಅಳೆಯಲು ಬೇರೆ ಮಾನದಂಡಗಳನ್ನು ಹಿಡಿದಿದ್ದೇವೆ. ಎಷ್ಟು ಶಾಲು, ಎಷ್ಟು ಹಾರ, ಎಷ್ಟು ಬಿರುದು, ಎಷ್ಟು ಊರು ಎಂದು ಲೆಕ್ಕ ಹಾಕುತ್ತೇವೆ. ಮೇಳದವರ ಲೆಕ್ಕ ಸರಿಯೋ ನಮ್ಮ ಲೆಕ್ಕ ಸರಿಯೋ ಎಂಬುದನ್ನು ಕುರಿತು ಒಂದೆರಡು ಮಾತು ಹೇಳಬೇಕೆಂಬುದೇ ಈ ಬರೆಹದ ಉದ್ದೇಶ.

ಮೇಳದ ವರ್ಷ ಪಂಚಾಂಗದ ವರ್ಷವಲ್ಲ. ದೀಪಾವಳಿ ಕಳೆದ ಮೇಲೆ, ಮಳೆ ನಿಂತು ಗದ್ದೆ ಬಯಲುಗಳು ಒಣಗಿದಾಗ, ದೇವರ ಸನ್ನಿಧಿಯಲ್ಲಿ ಗೆಜ್ಜೆ ಕಟ್ಟಿ ಹೊರಟ ಮೇಳ ತುಳುನಾಡಿನವರು ಪತ್ತನಾಜೆಯೆಂದು ಕರೆಯುವ ದಿನದವರೆಗೆ, ಎಂದರೆ ಮೇ ತಿಂಗಳ 24ನೆಯ ತಾರೀಖಿನ ಆಸುಪಾಸಿನವರೆಗೆ, ಊರಿಂದೂರಿಗೆ ಹೋಗುತ್ತಲೇ ಇರುತ್ತದೆ. ಇವತ್ತು ಒಬ್ಬರ ಮನೆಯ ಅಂಗಳದಲ್ಲಿ ಹರಕೆಯಾಟ, ನಾಳೆ ದೇವಸ್ಥಾನದ ಗದ್ದೆಯಲ್ಲಿ ಸೇವೆಯಾಟ, ನಾಡಿದ್ದು ಇನ್ನಾವುದೋ ಪೇಟೆಯ ಶಾಲಾ ಮೈದಾನದಲ್ಲಿ. ಹೆಚ್ಚುಕಡಿಮೆ 180 ರಾತ್ರಿಗಳು. ನಲವತ್ತು ತಿರುಗಾಟ ಮುಗಿಸಿದ ಕಲಾವಿದನೆಂದರೆ 7,200 ರಾತ್ರಿ ಬಣ್ಣ ಹಚ್ಚಿದವನು. ನಾವು ಅಧ್ಯಾಪಕರು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದಾಗ ನಮ್ಮ ಶ್ರಮವನ್ನು ಎಷ್ಟು ದೊಡ್ಡದಾಗಿ ಹೇಳಿಕೊಳ್ಳುತ್ತೇವೆ! ನಮ್ಮ ಆ ದಿನಗಳೆಲ್ಲ ಹಗಲಿನವು. ಒಂದೇ ಕಟ್ಟಡದಲ್ಲಿ ಕಳೆದವು. ಬಹುಪಾಲು ಒಂದೇ ಟಿಪ್ಪಣಿಯ ಪುಸ್ತಕವನ್ನು ಹಿಡಿದುಕೊಂಡು ಕಳೆದವು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹಿಂದೆ ಮೇಳ ನಡೆದೇ ಹೋಗುತ್ತಿತ್ತು. ವೇಷಭೂಷಣದ ಪೆಟ್ಟಿಗೆಗಳು ಹೊರೆಯಾಳುಗಳ ತಲೆಯ ಮೇಲೆ, ಕಲಾವಿದರು ಅವರ ಹಿಂದೆ. ಗುಡ್ಡ ಹತ್ತಿ, ಹೊಳೆ ದಾಟಿ, ಮುಂದಿನ ಊರು. ಈಗ ವಾಹನಗಳಿವೆ, ವಿದ್ಯುದ್ದೀಪವಿದೆ, ಧ್ವನಿವರ್ಧಕವಿದೆ. ಆದರೂ ದಿನಚರಿಯ ಮೂಲರೂಪ ತೀರ ಬದಲಾಗಿಲ್ಲ. ಇರುಳಲ್ಲಿ ಎಚ್ಚರ, ಹಗಲಲ್ಲಿ ಸಿಕ್ಕಿದ ಕಡೆ ನಿದ್ರೆ. ಸಂಜೆಗೆ ಚೌಕಿಯಲ್ಲಿ ಗಣಪತಿಗೆ ದೀಪ. ಆಮೇಲೆ ಕಲಾವಿದ ತನ್ನ ಸ್ಥಾನದಲ್ಲಿ ಕನ್ನಡಿ ಇಟ್ಟುಕೊಂಡು ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ತೆಂಕುತಿಟ್ಟಿನ ಬಣ್ಣದ ವೇಷದವನು ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು ಮುಖವನ್ನು ರಾಕ್ಷಸನದಾಗಿಸುವುದಕ್ಕೆ ಗಂಟೆಗಟ್ಟಲೆ ಕುಳಿತಿರುತ್ತಾನೆ. ರಂಗದ ಮೇಲೆ ಅವನಿಗೆ ದೊರಕುವ ಕಾಲ ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಬೆಳಗಾಗುವಾಗ ಆ ಶ್ರಮವನ್ನೆಲ್ಲ ಎಣ್ಣೆಯಿಂದ ಒರೆಸಿ ತೆಗೆದು, ಪೆಟ್ಟಿಗೆ ಮುಚ್ಚಿ, ಮತ್ತೆ ಪ್ರಯಾಣ.

ಈ ಅಲೆತದಲ್ಲಿ ಕಷ್ಟವನ್ನು ಮಾತ್ರ ಕಂಡು ಮರುಗುವುದು ಸುಲಭ. ಆದರೆ ನನ್ನ ದೃಷ್ಟಿಯಲ್ಲಿ ತಿರುಗಾಟವೆಂಬುದು ಯಕ್ಷಗಾನದ ಹೊರೆಯಲ್ಲ, ಅದರ ವಿದ್ಯಾಪೀಠ. ಇದನ್ನು ತಿಳಿಯಬೇಕಾದರೆ ಆ ಕಲೆಯ ಒಂದು ವೈಶಿಷ್ಟ್ಯವನ್ನು ನೆನೆಯಬೇಕು. ಪ್ರಸಂಗದ ಪುಸ್ತಕದಲ್ಲಿರುವುದು ಹಾಡು ಮಾತ್ರ. ಭಾಗವತರು ಪದ್ಯವನ್ನು ಹಾಡಿದ ಮೇಲೆ ಅದರ ಅರ್ಥವನ್ನು ಪಾತ್ರಧಾರಿ ಅಲ್ಲಿಯೇ, ಆ ಗಳಿಗೆಯಲ್ಲಿಯೇ, ತನ್ನ ಮಾತಿನಲ್ಲಿ ಕಟ್ಟಬೇಕು. ಬರೆದುಕೊಟ್ಟವರಿಲ್ಲ, ಮರೆತರೆ ಪರದೆಯ ಹಿಂದಿನಿಂದ ಹೇಳಿಕೊಡುವವರಿಲ್ಲ. ಇವತ್ತು ಕರ್ಣನಾದವನು ನಾಳೆ ಅರ್ಜುನನಾಗಬೇಕು. ನಿನ್ನೆಯ ಕೃಷ್ಣ ಒಂದು ರೀತಿಯಲ್ಲಿ ಪ್ರಶ್ನಿಸಿದರೆ ಇವತ್ತಿನ ಕೃಷ್ಣ ಬೇರೊಂದು ಮರ್ಮದಲ್ಲಿ ಚುಚ್ಚುತ್ತಾನೆ. ಎದುರಾಳಿ ಬದಲಾದಂತೆ, ಊರು ಬದಲಾದಂತೆ, ಸಭೆಯ ಮನಸ್ಸು ಬದಲಾದಂತೆ, ಅದೇ ಪ್ರಸಂಗ ಬೇರೆಯಾಗುತ್ತದೆ. ನನ್ನ ತರಗತಿಯಲ್ಲಿ ಕುಮಾರವ್ಯಾಸನ ಒಂದು ಸಂಧಿಯನ್ನು ಪಾಠ ಮಾಡುವುದಕ್ಕೆ ನಾನು ನಿಘಂಟು, ಟೀಕೆಗಳ ನೆರವು ಪಡೆಯುತ್ತೇನೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಎಷ್ಟೋ ಹಿರಿಯ ವೇಷಧಾರಿಗಳು ಅದೇ ಭಾರತದ ಸಾರವನ್ನು ಯಾವ ನೆರವೂ ಇಲ್ಲದೆ, ಓದುಬರೆಹ ಬಾರದ ಸಭೆಗೂ ತಿಳಿಯುವ, ಆದರೂ ಗ್ರಾಮ್ಯವಾಗದ ಕನ್ನಡದಲ್ಲಿ ಹೇಳಿದ್ದಾರೆ. ತುಳು, ಕೊಂಕಣಿಗಳನ್ನು ಮನೆಯಲ್ಲಾಡುವ ಜನರ ನಡುವೆ ಈ ಪ್ರೌಢ ಕನ್ನಡವನ್ನು ಅಂಗಳದಿಂದ ಅಂಗಳಕ್ಕೆ ಹೊತ್ತು ತಂದವರು ಇವರು. ಈ ಸೇವೆಯನ್ನು ಮಾಡಿದ ಕನ್ನಡ ಅಧ್ಯಾಪಕರು ನಮ್ಮಲ್ಲಿ ಎಷ್ಟು ಮಂದಿ?

ಈ ವಿದ್ಯೆ ಮನೆಯಲ್ಲಿ ಕುಳಿತು ಬರುವುದಲ್ಲ, ನಾಲ್ಕು ತಿಂಗಳ ಶಿಬಿರದಲ್ಲಿ ಬರುವುದೂ ಅಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮಂಡಳಿ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಗುಣವಂತೆಯಲ್ಲಿ ಯಕ್ಷಗಾನ ಶಿಕ್ಷಣದ ಕೇಂದ್ರವನ್ನೇ ಸ್ಥಾಪಿಸಿದರು. ಶಾಲೆ ಕಟ್ಟಿದ ಆ ಶಂಭು ಹೆಗಡೆಯವರೂ ರಂಗವನ್ನು ಬಿಡಲಿಲ್ಲ. 2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಸಂದರ್ಭದಲ್ಲಿ ರಾಮನ ವೇಷ ಧರಿಸಿದ್ದಾಗಲೇ ಅಸ್ವಸ್ಥರಾಗಿ ಅವರು ತೀರಿಕೊಂಡರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ತೀರಿಕೊಂಡದ್ದು 2017ರಲ್ಲಿ. ಅವರಿಗೆ ಪದ್ಮಶ್ರೀ ಬಂದಾಗ, 2012ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದರು. ಯಕ್ಷಗಾನದ ಕಲಾವಿದರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಆ ವಯಸ್ಸಿನಲ್ಲಿಯೂ ಅವರ ಭಸ್ಮಾಸುರ, ಅವರ ಕೀಚಕ ರಂಗಕ್ಕೆ ಬರುತ್ತಿದ್ದುವು. ಜನ ಕಿಕ್ಕಿರಿದು ಸೇರುತ್ತಿದ್ದರು.

ಇಂಥವರನ್ನು ಕುರಿತು ನಾವು ಸಾಮಾನ್ಯವಾಗಿ ಆಡುವ ಮಾತೊಂದಿದೆ: ‘ಈ ಪ್ರಾಯದಲ್ಲಿಯೂ ಎಂಥ ಉತ್ಸಾಹ!’ ಮಾತೇನೋ ಮೆಚ್ಚುಗೆಯದೇ. ಆದರೆ ಈ ಮೆಚ್ಚುಗೆಯ ಬೆನ್ನಿಗೆ ಒಂದು ಪ್ರಶ್ನೆಯೂ ಬರಬೇಕು. ಎಪ್ಪತ್ತು ದಾಟಿದ ಹಿರಿಯನೊಬ್ಬ ಇಡೀ ವರ್ಷ ಊರೂರು ತಿರುಗುತ್ತಿರುವುದು ಕಲೆಯ ಮೇಲಿನ ಪ್ರೀತಿಯಿಂದ ಮಾತ್ರವೆ? ಅಥವಾ ನಿಂತರೆ ಒಲೆ ಉರಿಯುವುದಿಲ್ಲವೆಂಬ ಕಾರಣವೂ ಉಂಟೆ? ಪತ್ತನಾಜೆಯ ಮರುದಿನದಿಂದ ಮೇಳದ ಸಂಬಳ ಕಾಣದ ಐದಾರು ತಿಂಗಳ ಮಳೆಗಾಲ ಕಲಾವಿದನ ಮುಂದಿರುತ್ತದೆ. ತೋಟ ಗದ್ದೆಯುಳ್ಳವನು ಅದನ್ನು ನೋಡಿಕೊಳ್ಳುತ್ತಾನೆ. ಮಾತುಗಾರನು ತಾಳಮದ್ದಳೆಗೆ ಹೋಗುತ್ತಾನೆ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಯ ಬಾಗಿಲಲ್ಲಿ ಕಾಲು ಗಂಟೆಯ ಕುಣಿತ ತೋರಿಸುತ್ತಾರೆ. ಹೆಸರಾದವರಿಗೆ ಬೆಂಗಳೂರು, ಮುಂಬಯಿಗಳ ಕನ್ನಡಿಗರಿಂದ ಕರೆ ಬರುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ತಿರುಗಾಟ ಅರ್ಧಕ್ಕೇ ನಿಂತಾಗ ಈ ಬಾಳಿನ ನೆಲೆ ಎಷ್ಟು ತೆಳುವಾದುದೆಂಬುದು ಎಲ್ಲರಿಗೂ ಕಂಡಿತು.

ಈಚೆಗೆ ಹಿರಿಯ ಕಲಾವಿದರ ಬಿಡುವಿಲ್ಲದ ವರ್ಷಕ್ಕೆ ಹೊಸದೊಂದು ರೂಪ ಬಂದಿದೆ. ನನ್ನ ಆತಂಕಕ್ಕೆ ಮುಖ್ಯ ಕಾರಣ ಅದೇ. ಮೇಳದಿಂದ ನಿವೃತ್ತನಾದ ಹಿರಿಯ ‘ಅತಿಥಿ ಕಲಾವಿದ’ನಾಗುತ್ತಾನೆ. ಕಾರು ಬಂದು ಕರೆದೊಯ್ಯುತ್ತದೆ. ಒಂದು ಊರಲ್ಲಿ ಒಂದು ಗಂಟೆಯ ಕೀಚಕ, ಶಾಲು, ಫಲ, ತಾಂಬೂಲ, ಭಾವಚಿತ್ರ, ಮತ್ತೆ ಕಾರು. ಮರುದಿನ ಇನ್ನೊಂದು ಊರಲ್ಲಿ ಅದೇ ಕೀಚಕ. ಹೀಗೆ ವರ್ಷಕ್ಕೆ ನೂರು ಕಾರ್ಯಕ್ರಮಗಳಾದರೆ ಪತ್ರಿಕೆಗಳು ಅದನ್ನು ಸಾಧನೆಯೆಂದು ಬರೆಯುತ್ತವೆ. ನೋಡುವುದಕ್ಕೆ ಇದೂ ತಿರುಗಾಟವೇ. ಆದರೆ ಇದರಲ್ಲಿ ಪ್ರಯಾಣ ಉಳಿದಿದೆ, ಒಡನಾಟ ಹೋಗಿದೆ.

ಮೇಳದಲ್ಲಿದ್ದ ಹಿರಿಯ ಏನು ಮಾಡುತ್ತಿದ್ದ? ಸಂಜೆಯಿಂದ ಚೌಕಿಯಲ್ಲಿ ಕುಳಿತಿರುತ್ತಿದ್ದ. ಕೋಡಂಗಿಯಿಂದ ಮೊದಲುಮಾಡಿ ಬಾಲಗೋಪಾಲರವರೆಗೆ ಎಲ್ಲ ಎಳೆಯರೂ ಅವನು ಕೈ ಹಿಡಿದು ಗೆರೆಯೆಳೆಯುವುದನ್ನು ನೋಡುತ್ತಿದ್ದರು. ಅವನ ಎದುರು ಮಾತಿಗೆ ನಿಲ್ಲಬೇಕಾದ ತರುಣ ಆಟಕ್ಕೆ ಮುಂಚೆ ಅಂಜುತ್ತ ಹತ್ತಿರ ಬಂದು, ‘ಇವತ್ತು ಯಾವ ದಾರಿ ಹಿಡಿಯುತ್ತೀರಿ?’ ಎಂದು ಕೇಳುತ್ತಿದ್ದ. ರಂಗದ ಮೇಲೆ ತರುಣನ ಮಾತು ಕಟ್ಟಿದರೆ ಹಿರಿಯನೇ ಒಂದು ಪ್ರಶ್ನೆಯೆಸೆದು ಅವನನ್ನು ದಡಕ್ಕೆ ಎಳೆಯುತ್ತಿದ್ದ. ಅಧಿಕ ಪ್ರಸಂಗ ಮಾಡಿದರೆ ಅದೇ ಪ್ರಶ್ನೆಯಿಂದ ಮುಳುಗಿಸುತ್ತಿದ್ದುದೂ ಉಂಟು. ಬೆಳಗ್ಗೆ ಪ್ರಯಾಣದಲ್ಲಿ ಆ ತಪ್ಪಿನ ವಿಚಾರ ಬರುತ್ತಿತ್ತು. ಅದೇ ಪಾಠ, ಬೇರೆ ಪಠ್ಯಕ್ರಮವಿರಲಿಲ್ಲ. ಅತಿಥಿಯಾಗಿ ಬಂದವನು ಈ ಪಾಠವನ್ನು ಹೇಗೆ ಹೇಳಿಯಾನು? ಅವನು ಚೌಕಿಗೆ ಬರುವ ಹೊತ್ತಿಗೆ ಆಟ ಮೊದಲಾಗಿರುತ್ತದೆ, ಅವನು ಹೊರಡುವ ಹೊತ್ತಿಗೆ ಆಟ ಮುಗಿದಿರುವುದಿಲ್ಲ.

ಇದರಲ್ಲಿ ಹಿರಿಯರ ತಪ್ಪೇನೂ ಇಲ್ಲ. ತಪ್ಪು ಕರೆಯುವ ನಮ್ಮದು. ನಮಗೆ ಅವರಿಂದ ಬೇಕಾಗಿರುವುದು ಅವರ ಒಂದು ಪ್ರಸಿದ್ಧ ವೇಷ, ಅದರಲ್ಲಿಯೂ ಒಂದು ಪ್ರಸಿದ್ಧ ಭಂಗಿ. ಐವತ್ತು ವರ್ಷಗಳಲ್ಲಿ ಅವರು ಅರಗಿಸಿಕೊಂಡ ನೂರಾರು ಪಾತ್ರಗಳು ನಮಗೆ ಬೇಡ. ಅವರ ಮರಣದೊಂದಿಗೆ ಆ ಪಾತ್ರಗಳೂ ಹೋಗುತ್ತವೆ. ನಾವು ಶೋಕಸಭೆಯಲ್ಲಿ ‘ತುಂಬಲಾರದ ನಷ್ಟ’ವೆನ್ನುತ್ತೇವೆ. ತುಂಬಿಕೊಳ್ಳಲು ಸಮಯವಿದ್ದಾಗ ನಾವು ಹಾರ ಹಾಕುತ್ತಿದ್ದೆವು.

ಹಾಗಾದರೆ ಹಳೆಯ ಕಷ್ಟಗಳೇ ಮರಳಬೇಕೆ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡ. ಪ್ರಯಾಣ ಕೇಳುವ ಬೆಲೆ ನಮಗೆ ಗೊತ್ತಿಲ್ಲದ್ದಲ್ಲ. ಗುಂಡ್ಮಿ ಕಾಳಿಂಗ ನಾವಡರಂಥ ಭಾಗವತರನ್ನು 1990ರಲ್ಲಿ, ಇನ್ನೂ ಮೂವತ್ತರ ಆರಂಭದಲ್ಲಿರುವಾಗಲೇ, ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಕಲೆ ಇದು. ಕಾಲಮಿತಿಯ ಆಟಗಳು ಬಂದು ನಡುರಾತ್ರಿಗೆ ಮಂಗಳವಾಗುವುದರಿಂದ ಕಲಾವಿದನ ಶರೀರಕ್ಕೆ ಆಗಿರುವ ಉಪಕಾರವನ್ನು, ಇಡೀ ರಾತ್ರಿಯ ಆಟದ ಸೊಗಸನ್ನು ಬಲ್ಲವರೂ ಒಪ್ಪಲೇಬೇಕು. ನಿದ್ರೆಗೆಟ್ಟು ಸೊರಗುವುದು ಕಲೆಯ ಲಕ್ಷಣವಲ್ಲ. ನಾನು ಉಳಿಯಬೇಕೆನ್ನುವುದು ಬಳಲಿಕೆಯಲ್ಲ, ಜೊತೆಗೂಡಿ ನಡೆಯುವ ಕ್ರಮ.

ಅದಕ್ಕೆ ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಹಿರಿಯರನ್ನು ಒಂದು ವೇಷಕ್ಕೆ ಕರೆಯುವ ಬದಲು ಮೂರು ದಿನಕ್ಕೆ ಕರೆಯೋಣ. ಮೊದಲ ದಿನ ಅವರು ಚೌಕಿಯಲ್ಲಿ ಕುಳಿತು ಎಳೆಯರ ವೇಷವನ್ನು ನೋಡಲಿ. ಎರಡನೆಯ ದಿನ ತಾವು ಅಪೂರ್ವವಾಗಿ ಮಾಡಿದ, ಯಾರೂ ಕೇಳದ ಒಂದು ಪಾತ್ರವನ್ನು ಮಾಡಲಿ. ಮೂರನೆಯ ದಿನ ಎಳೆಯನೊಬ್ಬ ಅದೇ ಪಾತ್ರವನ್ನು ಮಾಡುವಾಗ ಎದುರು ವೇಷದಲ್ಲಿ ನಿಲ್ಲಲಿ. ಶಾಲಿಗೆ ಕೊಡುವ ಹಣವನ್ನು ಸಂಭಾವನೆಗೆ ಸೇರಿಸೋಣ. ಮುಪ್ಪಿನ ಕಲಾವಿದರಿಗೆ ಸರ್ಕಾರದ ಮಾಸಾಶನವುಂಟು. ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳು ಕಲಾವಿದರಿಗೆ ಮನೆಗಳನ್ನು ಕಟ್ಟಿಸಿಕೊಡುವ ಮಟ್ಟಿಗೆ ಕೆಲಸ ಮಾಡಿವೆ. ಮಳೆಗಾಲದ ತಿಂಗಳುಗಳಲ್ಲಿ ಹಿರಿಯರನ್ನು ಶಾಲೆ ಕಾಲೇಜುಗಳಿಗೆ ಪಾಠಕ್ಕೆಂದು ಕರೆದು ವೇತನ ಕೊಟ್ಟರೆ, ಅವರ ಬರಿದಾದ ಋತುವೂ ನಮ್ಮ ಬರಿದಾದ ಪಠ್ಯವೂ ಒಟ್ಟಿಗೆ ತುಂಬುತ್ತವೆ.

ಕನ್ನಡ ವಿಭಾಗಗಳಿಗೆ ಮಾತ್ರ ಒಂದು ವಿಶೇಷ ಹೊಣೆಯಿದೆಯೆಂದು ನನ್ನ ನಂಬಿಕೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆ ದಾರಿಯಲ್ಲಿ ಸಂಶೋಧನೆಗಳು ಅನೇಕ ಬಂದಿವೆ; ಪ್ರಸಂಗಗಳ ಪಾಠ, ಕವಿಗಳ ಕಾಲದೇಶ, ತಿಟ್ಟುಗಳ ಭೇದ ಎಲ್ಲವನ್ನೂ ಚರ್ಚಿಸಿದ್ದೇವೆ. ಆದರೆ ಒಬ್ಬ ಹಿರಿಯ ಕಲಾವಿದನ ಒಂದು ವರ್ಷವನ್ನು ದಿನದಿನವೂ ಅವನ ಜೊತೆಗಿದ್ದು ಬರೆದಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಒಪ್ಪಿಸಿಲ್ಲ. ಯಾವ ಊರು, ಯಾವ ಪ್ರಸಂಗ, ಯಾವ ವೇಷ. ಎದುರಾಳಿ ಯಾರು, ಮಾತು ಎಲ್ಲಿ ತಿರುಗಿತು, ಸಭೆ ಎಲ್ಲಿ ನಕ್ಕಿತು, ಊಟ ಎಲ್ಲಾಯಿತು, ನಿದ್ರೆ ಎಷ್ಟಾಯಿತು, ಕೈಗೆ ಬಂದ ಹಣವೆಷ್ಟು. ಎಂ. ಎ. ತರಗತಿಯ ಒಬ್ಬ ವಿದ್ಯಾರ್ಥಿ ಒಂದು ನೋಟುಪುಸ್ತಕ ಹಿಡಿದು ಇದನ್ನು ಮಾಡಬಲ್ಲ. ಹೀಗೆ ಹತ್ತು ಹಿರಿಯರ ಹತ್ತು ವರ್ಷಗಳು ನಮ್ಮ ಕೈಯಲ್ಲಿದ್ದರೆ, ಕನ್ನಡದ ಆಶುವಾಙ್ಮಯವೆಂಬುದು ಗಾಳಿಗೆ ಹೋಗುವ ವಸ್ತುವಾಗಿ ಉಳಿಯುವುದಿಲ್ಲ.

ಮೇಳದವರ ಲೆಕ್ಕವೇ ಸರಿ. ಎಷ್ಟು ತಿರುಗಾಟವಾಯಿತೆಂದು ಅವರು ಕೇಳುವಾಗ, ಎಷ್ಟು ಮಂದಿಯ ಜೊತೆ, ಎಷ್ಟು ದಿನ, ಎಷ್ಟು ದೂರ ನಡೆದೆಯೆಂಬ ಅರ್ಥವೂ ಅದರಲ್ಲಿರುತ್ತದೆ. ಮುಂದಿನ ದೀಪಾವಳಿ ಕಳೆದು ಮೇಳಗಳು ಮತ್ತೆ ಗೆಜ್ಜೆ ಕಟ್ಟುವಾಗ ಯಾವುದಾದರೊಂದು ಕಾಲೇಜಿನ ಹುಡುಗನೋ ಹುಡುಗಿಯೋ ನೋಟುಪುಸ್ತಕ ಹಿಡಿದು ಚೌಕಿಯ ಮೂಲೆಯಲ್ಲಿ ಕುಳಿತಿದ್ದರೆ, ಹಿರಿಯರು ಬೇಡವೆನ್ನಲಾರರು.